ಅಡುಗೆಮನೆಯ ಫಾಯಿಲ್ ಹೊದ್ದ ಮಿಗ್-21: ನನ್ನ ಅನುಭವ

ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನಿಂದಲೇ 1/48 ಅಳತೆಯ, ಅಂದರೆ ನಿಜವಾದ ಯುದ್ಧವಿಮಾನದ ನಲವತ್ತೆಂಟನೇ ಒಂದು ಭಾಗದಷ್ಟು ಉದ್ದದ, ಪ್ಲಾಸ್ಟಿಕ್ ಮಿಗ್-21 ಎಫ್‌ಎಲ್ ಮಾಡೆಲ್‌ಗೆ ಲೋಹದ ಮೈ ಕೊಡುತ್ತೇನೆ ಎಂದಾಗ ಬೆಂಗಳೂರಿನ ನಮ್ಮ ಮಾಡೆಲ್ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಚಾಕಲೇಟ್ ಸುತ್ತಿದ ಹಾಗೆ ಕಾಣುತ್ತದೆ’ ಎಂದರು ಒಬ್ಬ ಹಿರಿಯರು. ‘ಒಂದು ಮಳೆಗಾಲ ಕಳೆಯಲಿ, ಅಂಚುಗಳೆಲ್ಲ ಎದ್ದು ನಿಲ್ಲುತ್ತವೆ, ನೋಡುತ್ತಿರಿ’ ಎಂದರು ಇನ್ನೊಬ್ಬರು. ಮಳೆಗಾಲ ಕಳೆಯಿತು, ಅದರ ಬೆನ್ನಿಗೆ ಬಂದ ಬೇಸಿಗೆಯೂ ಕಳೆಯಿತು. ಒಂದು ಅಂಚೂ ಎದ್ದಿಲ್ಲ. ಈಗ ಆ ಹಿರಿಯರೇ ಫೋನ್ ಮಾಡಿ ಅಂಟು ಯಾವುದು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿಯೇ ಬರೆದುಬಿಡುತ್ತೇನೆ.

ಮಿಗ್-21ರಲ್ಲಿ ಎಫ್‌ಎಲ್ ಯಾಕೆ ಎಂದರೆ, ನನ್ನ ಪಾಲಿಗೆ ನಮ್ಮ ವಾಯುಪಡೆಯ ನಿಜವಾದ ಮಿಗ್ ಅದೇ. 1963ರಲ್ಲಿ ಚಂಡೀಗಡದ 28ನೇ ಸ್ಕ್ವಾಡ್ರನ್‌ಗೆ ಮೊದಲ ಮಿಗ್-21ಗಳು ಬಂದವು. ಆಮೇಲೆ ನಾಸಿಕ್‌ನ ಎಚ್‌ಎಎಲ್ ಕಾರ್ಖಾನೆ ಎಫ್‌ಎಲ್ ಮಾದರಿಯನ್ನು ಕಟ್ಟತೊಡಗಿತು. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ 57 ಮಿಲಿಮೀಟರ್ ರಾಕೆಟ್‌ಗಳನ್ನು ಸುರಿದದ್ದು ಎಫ್‌ಎಲ್‌ಗಳೇ. 2013ರ ಡಿಸೆಂಬರ್‌ನಲ್ಲಿ ಕಲೈಕುಂಡದಲ್ಲಿ ಅವು ನಿವೃತ್ತಿಯಾದವು. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್-21 ಬಳಗಕ್ಕೇ ವಿದಾಯ ಹೇಳಿದ ಮೇಲೆ ನಮ್ಮಲ್ಲಿ ಎಲ್ಲರೂ ಅದರ ಕೊನೆಯ ಸುಧಾರಿತ ರೂಪವಾದ ಬೈಸನ್ ಕಟ್ಟಲು ಕುಳಿತಿದ್ದಾರೆ. ಬೈಸನ್‌ಗೆ ಬೂದು ಬಣ್ಣ ಹೊಡೆದರೆ ಕೆಲಸ ಮುಗಿಯಿತು. ಎಫ್‌ಎಲ್‌ನ ಬೆತ್ತಲೆ ಲೋಹವನ್ನು ಹಾಗೆ ಮುಗಿಸಲು ಆಗುವುದಿಲ್ಲ.

ಬಣ್ಣದಲ್ಲಿ ಪ್ರಯತ್ನಿಸದೆ ಫಾಯಿಲ್‌ಗೆ ಬಂದವನಲ್ಲ ನಾನು. ಹಾರ್ಡ್‌ವೇರ್ ಅಂಗಡಿಯ ಸಿಲ್ವರ್ ಸ್ಪ್ರೇ ಹೊಡೆದು ನೋಡಿದೆ. ಅದರ ಕಣ ಎಷ್ಟು ದಪ್ಪವೆಂದರೆ ಈ ಅಳತೆಯಲ್ಲಿ ಕಣಕಣವೂ ಎಣಿಕೆಗೆ ಸಿಗುತ್ತದೆ. ಹೊರದೇಶದ ಲ್ಯಾಕರ್ ಮೆಟಾಲಿಕ್ ಬಣ್ಣಗಳನ್ನು ಮೂರು ಛಾಯೆಗಳಲ್ಲಿ ತರಿಸಿದೆ. ಸಾಗಾಟ, ಸುಂಕ ಸೇರಿ ಸುಮಾರು ಮೂರೂವರೆ ಸಾವಿರ. ಬಣ್ಣ ಚೆನ್ನಾಗಿಯೇ ಕುಳಿತಿತು. ಆದರೆ ಪಕ್ಕದ ಫಲಕಕ್ಕೆ ಬೇರೆ ಛಾಯೆ ಹೊಡೆಯಲು ಟೇಪ್ ಹಾಕಿ ತೆಗೆದರೆ ಕೆಳಗಿನ ಪದರವೂ ಟೇಪಿನ ಜೊತೆಗೇ ಎದ್ದು ಬಂತು. ಪ್ರೈಮರ್ ಬದಲಿಸಿದೆ, ಟೇಪ್ ಬದಲಿಸಿದೆ, ವಾರಗಟ್ಟಲೆ ಒಣಗಲು ಬಿಟ್ಟೆ. ಒಮ್ಮೆ ನಿಲ್ಲುತ್ತದೆ, ಒಮ್ಮೆ ಕೈಕೊಡುತ್ತದೆ. ಕಿಟ್ಟಿಗೇ ಸುಂಕ ಸೇರಿ ಐದು ಸಾವಿರದ ಮೇಲೆ ಕೊಟ್ಟಿರುವಾಗ ಇಂಥ ಅನಿಶ್ಚಿತತೆಯನ್ನು ಸಹಿಸಲಾರೆ.

ಕಿಟ್ ಜೆಕ್ ಕಂಪನಿ ಎಡುವಾರ್ಡ್‌ನದು, ಮಿಗ್-21ರ ಇನ್ನೊಂದು ಮಾದರಿಯಾದ ಪಿಎಫ್. ಅದನ್ನು ಎಫ್‌ಎಲ್ ಮಾಡಲು ಕೆಲವು ಭಾಗಗಳನ್ನು ಬದಲಿಸಬೇಕು. ಅಗಲವಾದ ಬಾಲರೆಕ್ಕೆ ಗೆಳೆಯರೊಬ್ಬರ ಬಿಡಿಭಾಗಗಳ ಡಬ್ಬಿಯಲ್ಲಿ ಸಿಕ್ಕಿತು. ಎಫ್‌ಎಲ್‌ನ ಒಡಲಿನಲ್ಲಿ ಫಿರಂಗಿ ಇರಲಿಲ್ಲ. ಹೊಟ್ಟೆಯ ಕೆಳಗೆ ಜಿಪಿ-9 ಎಂಬ ಪೆಟ್ಟಿಗೆಯಲ್ಲಿ ಜೋಡಿ ನಳಿಕೆಯ 23 ಮಿಲಿಮೀಟರ್ ಫಿರಂಗಿಯನ್ನು ತೂಗುಹಾಕುತ್ತಿದ್ದರು. ಆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಕೊರೆದು, ನಳಿಕೆಗಳಿಗೆ ಇಂಜೆಕ್ಷನ್ ಸೂಜಿ ಹಾಕಿದೆ. ಮೂಗಿನ ಮೇಲಿನ ಉದ್ದನೆಯ, ವೇಗ ಅಳೆಯುವ ಪಿಟೋ ಕೊಳವೆಯೂ ಸೂಜಿಯದೇ: ದಪ್ಪ ಸೂಜಿಯೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಔಷಧಿ ಅಂಗಡಿಯಲ್ಲಿ ಮೂವತ್ತು ರೂಪಾಯಿ ಕೊಟ್ಟರೆ ಮೂರೂ ಸಿಗುತ್ತವೆ. ಅಂಗಡಿಯವನು ಅನುಮಾನದಿಂದ ನೋಡಿದರೆ ಮೊಬೈಲ್‌ನಲ್ಲಿ ಮಾಡೆಲ್‌ನ ಚಿತ್ರ ತೋರಿಸಿ.

ಇನ್ನು ಫಾಯಿಲ್. ಡಬ್ಬಿಯ ಮೇಲೆ 11 ಮೈಕ್ರಾನ್ ಎಂದು ಬರೆದಿರುವುದನ್ನೇ ಕೊಳ್ಳಿ. 48ರಿಂದ ಗುಣಿಸಿದರೆ ಅರ್ಧ ಮಿಲಿಮೀಟರ್ ತಗಡಾಯಿತು. ವಿಮಾನದ ಮೈಗೆ ಅದು ದಪ್ಪವೇನಲ್ಲ. ಹೋಟೆಲಿಗೆಂದು ಮಾರುವ 18 ಮೈಕ್ರಾನ್ ಫಾಯಿಲ್ ತಂದು ನೋಡಿದೆ, ಎಂಜಿನ್ನಿಗೆ ಗಾಳಿ ಎಳೆಯುವ ಮೂಗಿನ ಗಾಳಿಬಾಯಿಯ ಅಂಚಿನಲ್ಲಿ ಬಾಗಲೇ ಇಲ್ಲ.

ಎಲ್ಲರೂ ಸೋಲುವುದು ಅಂಟಿನಲ್ಲಿ. ಮರಗೆಲಸದ ಬಿಳಿ ಅಂಟನ್ನು ನೀರು ಮಾಡಿ ಹಚ್ಚಿದರೆ ಫಾಯಿಲ್‌ನ ಕೆಳಗೆ ನೀರು ಆರಲು ದಾರಿಯಿಲ್ಲದೆ ಗುಳ್ಳೆ ಏಳುತ್ತದೆ. ಚಪ್ಪಲಿ ಅಂಟು ಗಂಟುಕಟ್ಟುತ್ತದೆ, ಮೇಲಾಗಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಫಾಯಿಲ್‌ಗೆಂದೇ ತಯಾರಾದ ಹೊರದೇಶದ ಅಂಟು ಒಳ್ಳೆಯದು, ಆದರೆ ಅಂಗೈಯಲ್ಲಿ ಅಡಗುವ ಬಾಟಲಿಗೆ ಎಂಟುನೂರರ ಮೇಲೆ ಕೇಳುತ್ತಾರೆ. ದಾರಿ ತೋರಿಸಿದ್ದು ಮೈಸೂರು ಶೈಲಿಯ ಚಿತ್ರ ಬರೆಯುವ ನನ್ನ ಚಿಕ್ಕಮ್ಮ. ಚಿನ್ನದ ರೇಕು ಕೂರಿಸುವ ಕೆಲಸ ಅವರಿಗೆ ನಿತ್ಯದ್ದು. ‘ರೇಕಿಗೆ ಹಚ್ಚುವ ಅಂಟು ಯಾಕೆ ಆಗಬಾರದು? ಹಾಲಿನ ಹಾಗೆ ಹಚ್ಚು, ಗಾಜಿನ ಹಾಗೆ ತಿಳಿಯಾಗುವವರೆಗೆ ಮುಟ್ಟಬೇಡ’ ಎಂದರು. ಇಡೀ ವಿಧಾನ ಆ ಮಾತಿನ ಮೇಲೆಯೇ ನಿಂತಿದೆ. ಕಲಾಸಾಮಗ್ರಿಯ ಅಂಗಡಿಯಲ್ಲಿ ಸಿಗುವ ನೀರಿನ ಆಧಾರದ ರೇಕಿನ ಅಂಟನ್ನು ಫಾಯಿಲ್‌ನ ಮಂಕು ಬದಿಗೆ ತೆಳುವಾಗಿ ಹಚ್ಚಿ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಬಿಟ್ಟರೆ ಬಿಳುಪು ಹೋಗಿ ಜಿಗುಟು ಉಳಿಯುತ್ತದೆ. ನೀರೆಲ್ಲ ಮೊದಲೇ ಆರಿರುವುದರಿಂದ ಗುಳ್ಳೆಯ ಪ್ರಶ್ನೆಯೇ ಇಲ್ಲ. ಜುಲೈನ ಥಂಡಿಯಲ್ಲಿ ಒಂದು ಗಂಟೆಯ ಮೇಲೂ ಕಾಯಬೇಕಾಗುತ್ತದೆ. ಅಂಟಿಗೆ ನಾನು ಇನ್ನೊಂದು ಪದಾರ್ಥವನ್ನು ಹನಿಯಷ್ಟು ಸೇರಿಸುತ್ತೇನೆ, ಕುಂಚದ ಗೆರೆ ಉಳಿಯದಿರಲಿ ಎಂದು. ಅದೇನೆಂದು ಸದ್ಯಕ್ಕೆ ಹೇಳುವುದಿಲ್ಲ. ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಪ್ಲಾಸ್ಟಿಕ್‌ನ ಮೈಯನ್ನು 2000 ನಂಬರ್ ಉಜ್ಜುಕಾಗದದವರೆಗೆ ತಂದು, ಆಮೇಲೆ ಟೂತ್‌ಪೇಸ್ಟ್‌ನಲ್ಲಿ ಹೊಳಪು ಮಾಡಿ. ಫಾಯಿಲ್‌ನ ಕೆಳಗೆ ಸಿಕ್ಕ ಧೂಳಿನ ಒಂದು ಕಣವೂ ಮೊಡವೆಯಾಗಿ ಎದ್ದು ಕಾಣುತ್ತದೆ. ಫಲಕಕ್ಕಿಂತ ಎರಡು ಮಿಲಿಮೀಟರ್ ದೊಡ್ಡದಾಗಿ ತುಂಡು ಕತ್ತರಿಸಿ, ನಡುವಿನಿಂದ ಅಂಚಿನ ಕಡೆಗೆ ಇಯರ್‌ಬಡ್‌ನಿಂದ ಒತ್ತುತ್ತಾ ಹೋಗಬೇಕು. ಫಲಕದ ಗೆರೆಯೊಳಗೆ ಹಲ್ಲುಕಡ್ಡಿಯ ಮೊಂಡು ತುದಿ ಓಡಿಸಿದರೆ ಗೆರೆ ತಾನಾಗಿ ಮೇಲೆ ಮೂಡುತ್ತದೆ. ಅದೇ ಗೆರೆಯ ಮೇಲೆ 11 ನಂಬರ್ ಸರ್ಜಿಕಲ್ ಬ್ಲೇಡ್ ಆಡಿಸಿ ಹೆಚ್ಚಿನದನ್ನು ಸುಲಿದುಬಿಡಿ. ಬ್ಲೇಡ್ ವಿಷಯದಲ್ಲಿ ಜಿಪುಣತನ ಬೇಡ. ಮೊಂಡಾದ ಬ್ಲೇಡ್ ಕತ್ತರಿಸುವುದಿಲ್ಲ, ಹರಿಯುತ್ತದೆ. ನೂರು ಬ್ಲೇಡಿನ ಡಬ್ಬಿ ಸುಮಾರು ಮುನ್ನೂರೈವತ್ತು; ಅರ್ಧ ಡಬ್ಬಿ ಈ ವಿಮಾನಕ್ಕೇ ಹೋಯಿತು.

ನೋಡಿದವರೆಲ್ಲ ಮೊದಲು ಕೇಳುವುದು ಛಾಯೆಗಳ ಬಗ್ಗೆ. ಫಾಯಿಲ್ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ರೋಲರ್ ಉಳಿಸಿದ ಕೂದಲೆಳೆಯ ಗೆರೆಗಳು ಒಂದೇ ದಿಕ್ಕಿಗೆ ಸಾಗಿರುತ್ತವೆ. ಒಂದು ಫಲಕಕ್ಕೆ ಎಳೆ ಉದ್ದಕ್ಕೆ, ಪಕ್ಕದ್ದಕ್ಕೆ ಅಡ್ಡಕ್ಕೆ ಬರುವಂತೆ ಕತ್ತರಿಸಿ ಅಂಟಿಸಿದರೆ ಸಾಕು. ಒಂದೇ ಹಾಳೆಯ ತುಂಡುಗಳಾದರೂ ಒಂದು ಬೆಳ್ಳಗೆ, ಒಂದು ಬೂದುಬೂದಾಗಿ ಕಾಣುತ್ತವೆ. ವಿಮಾನವನ್ನು ತಿರುಗಿಸಿದರೆ ಎರಡೂ ಅದಲುಬದಲಾಗುತ್ತವೆ. ಯಾವ ಬಣ್ಣದ ಬಾಟಲಿಯಿಂದಲೂ ಇದು ಸಾಧ್ಯವಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಆದರೆ ಎಂಜಿನ್ನಿನ ಬಾಲದ ಭಾಗಕ್ಕೆ ಇಷ್ಟು ಸಾಲದು, ನಿಜವಾದ ಕಪ್ಪುಛಾಯೆ ಬೇಕು. ಮೊಟ್ಟೆಯ ಜೊತೆ ಕುದಿಸಿದರೆ ಫಾಯಿಲ್ ಮಂಕಾಗುತ್ತದೆ ಎಂಬುದು ಹಳೆಯ ಮಾಡೆಲ್‌ಗಾರರ ಮಾತು. ನಮ್ಮದು ಮೊಟ್ಟೆ ಬೇಯಿಸುವ ಮನೆಯಲ್ಲ. ಬೋರ್‌ವೆಲ್ ನೀರಿನಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ಒಳಮೈ ಕಪ್ಪಾಗುವುದನ್ನು ನೋಡಿ ಬೆಳೆದವನು ನಾನು, ಆದ್ದರಿಂದ ಅದನ್ನೇ ಹಿಡಿದೆ. ನಮ್ಮ ಮನೆಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ ನೀರೂ ಬರುತ್ತದೆ. ಎರಡರಲ್ಲೂ ಬೇರೆ ಬೇರೆಯಾಗಿ ತುಂಡುಗಳನ್ನು ಕುದಿಸಿದೆ. ಕಾವೇರಿ ನೀರಿನಲ್ಲಿ ಸ್ವಲ್ಪ ಮಂಕಾಯಿತು, ಅಷ್ಟೇ. ಬೋರ್‌ವೆಲ್ ನೀರಿನಲ್ಲಿ ಕಾಲು ಗಂಟೆಗೆ ಹಳದಿ ಬೂದು, ಇನ್ನಷ್ಟು ಹೊತ್ತಿಗೆ ಕಂದು ಮಿಶ್ರಿತ ಕಪ್ಪು ಬಂತು. ಅಡುಗೆ ಸೋಡಾ ಹಾಕಿದರೆ ಬೇಗ ಆಗುತ್ತದೆ, ಆದರೆ ಕಲೆಕಲೆಯಾಗುತ್ತದೆ. ಹೆಚ್ಚು ಕಪ್ಪಾದದ್ದನ್ನು ಹುಣಸೆ ನೀರಿನಲ್ಲಿ ಅದ್ದಿ ಒಂದು ಹಂತ ಹಿಂದಕ್ಕೂ ತರಬಹುದು. ಹೀಗೆ ಆರೇಳು ಛಾಯೆ ಮಾಡಿ, ಹಳೆಯ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡಿದ್ದೇನೆ. ಎಂಜಿನ್ನಿನ ನಳಿಕೆಯ ಸುತ್ತಲಿನ ಬಳೆಗೆ ಎಲ್ಲಕ್ಕಿಂತ ಕಪ್ಪಾದದ್ದನ್ನು ಹಾಕಿ, ಅದರ ಮೇಲೆ ತೈಲವರ್ಣದ ನೀಲಿ ಮತ್ತು ಕಂದು ಬಣ್ಣವನ್ನು ತೀರ ತೆಳ್ಳಗೆ ಒರೆಸಿದೆ. ಫಿರಂಗಿಯ ಬಾಯಿಯ ಮುಂದಿನ ಮಸಿ ಹರಳೆಣ್ಣೆ ದೀಪದಿಂದ ಹಿಡಿದ ಕಾಡಿಗೆ. ಒಣ ಕುಂಚದಲ್ಲಿ ತಟ್ಟಿದೆ.

ಕಷ್ಟ ಕೊಟ್ಟ ಜಾಗಗಳು ಎರಡು. ಗಾಳಿಬಾಯಿಯ ಉಂಗುರಕ್ಕೆ ಅಗಲದ ತುಂಡು ಹಾಕಿದರೆ ನೆರಿಗೆ ತಪ್ಪದು. ಎರಡು ಮಿಲಿಮೀಟರ್ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಕೂರಿಸಿ ಉಗುರಿನಿಂದ ತೀಡಿದ ಮೇಲೆ ಕೀಲು ಮಾಯವಾಯಿತು. ಇನ್ನೊಂದು, ಚಕ್ರ ಮಡಚಿಕೊಳ್ಳುವ ಜಾಗದ ಮೇಲಿನ ಉಬ್ಬು. ಅಲ್ಲಿ ಫಾಯಿಲನ್ನು ದೀಪದ ಉರಿಯ ಮೇಲೆ ಒಮ್ಮೆ ಹಾಯಿಸಿ ಮೃದು ಮಾಡಿಕೊಂಡು, ಆರಿದ ಮೇಲೆ ಅಂಟು ಹಚ್ಚಿ ಎಳೆದೆಳೆದು ಕೂರಿಸಬೇಕು. ಎಷ್ಟು ಹೊತ್ತು ಹಾಯಿಸಬೇಕೆಂಬುದನ್ನು ಬರೆದು ತಿಳಿಸಲಾಗದು, ಕೈಗೇ ಬರಬೇಕು.

ರಿವೆಟ್‌ಗಳಿಗೆ ಹಳೆಯ ಅಲಾರಂ ಗಡಿಯಾರದ ಹಲ್ಲುಚಕ್ರವೊಂದನ್ನು ಹಿಡಿಕೆಗೆ ಸಿಕ್ಕಿಸಿಕೊಂಡಿದ್ದೇನೆ. ಸ್ಟೀಲ್ ಪಟ್ಟಿಯ ಅಂಚಿಗೆ ಹಿಡಿದು ಉರುಳಿಸಿದರೆ ಸಾಲು ನೇರ ಬರುತ್ತದೆ. ಬಣ್ಣದಡಿ ಮುಚ್ಚಿಹೋಗುವ ಭಯವಿಲ್ಲದ್ದರಿಂದ ಹಗುರವಾಗಿ ಒತ್ತಿದರೆ ಸಾಕು.

ವಾಯುಪಡೆಯ ಕೇಸರಿ, ಬಿಳಿ, ಹಸಿರು ವೃತ್ತದ ಡೆಕಾಲ್‌ಗಳನ್ನು (ಅಂಟಿಸುವ ಗುರುತುಚಿತ್ರಗಳನ್ನು) ಫಾಯಿಲ್‌ನ ಮೇಲೆ ನೇರವಾಗಿಯೇ ಹಾಕಿದೆ. ಬಣ್ಣದ ಅಂಚಿನವರೆಗೂ ಪಾರದರ್ಶಕ ಪೊರೆಯನ್ನು ಕತ್ತರಿಸಿ ತೆಗೆಯದಿದ್ದರೆ ಲೋಹದ ಮೇಲೆ ಅದು ಎದ್ದು ಕಾಣುತ್ತದೆ. ವಾರ್ನಿಷ್ ಹಚ್ಚಲೇಬಾರದು, ಹಚ್ಚಿದ ಮರುಗಳಿಗೆಯೇ ಲೋಹ ಹೋಗಿ ಬಣ್ಣದ ಹಾಗೆ ಕಾಣುತ್ತದೆ. ಬೆರಳಿನ ಗುರುತು ಉಳಿಯದಿರಲು ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ.

ಲೆಕ್ಕ ಕೇಳುವವರಿಗೆ: ಫಾಯಿಲ್ ನೂರು, ಅಂಟು ನಾನೂರರ ಆಸುಪಾಸು (ಬಾಟಲಿಯ ಕಾಲು ಭಾಗವೂ ಮುಗಿದಿಲ್ಲ), ಬ್ಲೇಡ್ ಮುನ್ನೂರೈವತ್ತು, ಸೂಜಿ, ಇಯರ್‌ಬಡ್, ಕೈಗವಸು ಎಲ್ಲ ಸೇರಿ ಇನ್ನೊಂದು ನೂರೈವತ್ತು. ಮೈಯ ಖರ್ಚು ಸುಮಾರು ಸಾವಿರ ರೂಪಾಯಿಯಲ್ಲೇ ಮುಗಿಯಿತು. ಏರ್‌ಬ್ರಷ್ ಮತ್ತು ಕಂಪ್ರೆಸರ್‌ಗೆ ಆರೇಳು ಸಾವಿರ ಹಾಕಲಾರದೆ ಈ ಹವ್ಯಾಸವನ್ನೇ ಬಿಟ್ಟ ಹುಡುಗರು ನನಗೆ ಗೊತ್ತು. ಅವರು ಮರಳಿ ಬರಲಿ ಎಂಬ ಆಸೆ ನನ್ನದು. ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಅದೂ ಒಂದು ಕಾರಣ. ಬೇಕಾಗಿರುವುದು ಸಮಯ ಮಾತ್ರ. ಒಂದು ರೆಕ್ಕೆಯ ಮೇಲ್ಮೈಗೇ ನನಗೆ ಭಾನುವಾರಗಳು ಸಾಲುಸಾಲಾಗಿ ಹೋದವು.

ಮುಂದಿನದು 1/72ರ ನ್ಯಾಟ್ ಯುದ್ಧವಿಮಾನ. ಚಿಕ್ಕ ಮೈಗೆ 9 ಮೈಕ್ರಾನ್‌ನ ಫಾಯಿಲ್ ಇನ್ನೂ ಚೆನ್ನಾಗಿ ಕೂರಬಹುದು ಎಂದು ನನ್ನ ಊಹೆ. ಹತ್ತಿರದ ಅಂಗಡಿಗಳಲ್ಲಿ 11ರ ಕೆಳಗಿನದು ಸಿಗುತ್ತಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅದನ್ನು ಬಿಡಿಯಾಗಿ ಮಾರುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ; ಬದಲಿಗೆ ಕಪ್ಪುಛಾಯೆಯ ಕೆಲವು ಹಾಳೆಗಳನ್ನು ಕಳುಹಿಸಿಕೊಡುತ್ತೇನೆ.