ಕಂಕುಳನ್ನು ಮುಟ್ಟದೆ ಮುಗಿಸುವ ಶಸ್ತ್ರಚಿಕಿತ್ಸೆ

ಸ್ತನ ಕ್ಯಾನ್ಸರಿನ ಗಡ್ಡೆ ತೆಗೆಯುವಾಗ ಕಂಕುಳಿನಲ್ಲೂ ಸಣ್ಣ ಗಾಯ ಮಾಡಿ, ಗಡ್ಡೆಯ ಭಾಗದಿಂದ ದ್ರವ ಮೊದಲು ಹರಿದು ಸೇರುವ ಒಂದೆರಡು ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ರೋಗ ಹರಡಿದೆಯೇ ಎಂಬ ಪರೀಕ್ಷೆಗೆ ಕಳಿಸುವುದು ಸ್ತನ ಶಸ್ತ್ರಚಿಕಿತ್ಸಕಿಯಾದ ನನಗೆ ಕೈಗೆ ಕುಳಿತ ಕೆಲಸ. ಇದೇ ಸೆಂಟಿನೆಲ್ ನೋಡ್ ಬಯಾಪ್ಸಿ. ಗ್ರಂಥಿಗಳನ್ನೆಲ್ಲ ತೆಗೆಯುವುದಕ್ಕಿಂತ ಇದು ಎಷ್ಟೋ ಹಗುರ. ಆದರೂ ತೋಳಿನ ಜೋಮು, ಭುಜದ ಬಿಗಿತ, ಕೈಯ ಬಾವು ಕೆಲವರನ್ನು ವರ್ಷಗಟ್ಟಲೆ ಕಾಡುತ್ತವೆ. ಈಗ ಆಯ್ದ ಮಹಿಳೆಯರಲ್ಲಿ ನಾನು ಇದನ್ನೂ ಕೈಬಿಡುತ್ತೇನೆ.

ನನಗೆ ಧೈರ್ಯ ಕೊಟ್ಟದ್ದು ಎರಡು ಅಧ್ಯಯನಗಳು. 2023ರಲ್ಲಿ ಪ್ರಕಟವಾದ ‘ಸೌಂಡ್’ ಅಧ್ಯಯನದಲ್ಲಿ ಎರಡು ಸೆಂಟಿಮೀಟರ್‌ವರೆಗಿನ ಗಡ್ಡೆಯಿದ್ದು, ಕಂಕುಳಿನ ಅಲ್ಟ್ರಾಸೌಂಡ್‌ನಲ್ಲಿ ರೋಗದ ಗುರುತು ಕಾಣದ ಮಹಿಳೆಯರಿದ್ದರು. ಐದು ವರ್ಷಗಳ ನಂತರ ದೂರದ ಅಂಗಗಳಿಗೆ ರೋಗ ಹರಡದೆ ಬದುಕಿದ್ದವರು ಬಯಾಪ್ಸಿ ಗುಂಪಿನಲ್ಲಿ ಶೇ 97.7, ಬಯಾಪ್ಸಿ ಇಲ್ಲದ ಗುಂಪಿನಲ್ಲಿ ಶೇ 98. ಮರುವರ್ಷ ಬಂದ ಜರ್ಮನಿ–ಆಸ್ಟ್ರಿಯಾದ ‘ಇನ್ಸೆಮಾ’ ಕೂಡ ಅದೇ ದಿಕ್ಕನ್ನು ತೋರಿಸಿತು.

ಆದರೆ ಆಯ್ಕೆಯಲ್ಲಿ ನಾನು ಬಹಳ ಬಿಗಿ. ಮುಟ್ಟು ನಿಂತು ಐವತ್ತು ದಾಟಿರಬೇಕು. ಗಡ್ಡೆ ಚಿಕ್ಕದಾಗಿದ್ದು ಹಾರ್ಮೋನಿಗೆ ಸ್ಪಂದಿಸುವಂತಿರಬೇಕು, ಹರ್-2 (ಗಡ್ಡೆಯನ್ನು ವೇಗವಾಗಿ ಬೆಳೆಸುವ ಒಂದು ಪ್ರೋಟೀನ್) ನೆಗೆಟಿವ್ ಆಗಿರಬೇಕು. ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯ ಬಳಿಕ ರೇಡಿಯೋಥೆರಪಿ ನಡೆಯಬೇಕು. ಎಲ್ಲಕ್ಕಿಂತ ಮುಖ್ಯ ಅಲ್ಟ್ರಾಸೌಂಡ್. ‘ನಾರ್ಮಲ್’ ಎಂಬ ಒಂದೇ ಪದದ ವರದಿ ನನಗೆ ಸಾಲದು. ಗ್ರಂಥಿಯ ಹೊರಪದರ ದಪ್ಪವಾಗಿದೆಯೇ, ನಡುವಿನ ಕೊಬ್ಬಿನ ಭಾಗ ಅಳಿಸಿಹೋಗಿದೆಯೇ ಎಂದು ರೇಡಿಯಾಲಜಿಸ್ಟ್ ಪಕ್ಕದಲ್ಲೇ ನಿಂತು ನೋಡುತ್ತೇನೆ. ಅನುಮಾನ ಬಂದರೆ ಸೂಜಿ ಪರೀಕ್ಷೆ ಮಾಡಿಸದೆ ಮುಂದುವರಿಯುವುದಿಲ್ಲ.

“ಒಳಗೆ ಕ್ಯಾನ್ಸರ್ ಉಳಿದುಬಿಟ್ಟರೆ, ಡಾಕ್ಟರೇ?” ಎಂದು ಬಹುತೇಕ ಎಲ್ಲರೂ ಕೇಳುತ್ತಾರೆ. ಉಳಿಯುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ‘ಸೌಂಡ್’ನಲ್ಲಿ ಬಯಾಪ್ಸಿ ಆದವರ ಪೈಕಿ ಶೇ 13.7ರಷ್ಟು ಮಂದಿಯ ಗ್ರಂಥಿಯಲ್ಲಿ ರೋಗವಿತ್ತು. ಬಯಾಪ್ಸಿ ಮಾಡದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದಿರಬೇಕು. ಹಾಗಿದ್ದೂ ‘ಇನ್ಸೆಮಾ’ದಲ್ಲಿ ಕಂಕುಳಿನಲ್ಲಿ ರೋಗ ಮರುಕಳಿಸಿದ್ದು ಬಯಾಪ್ಸಿ ಇಲ್ಲದವರಲ್ಲಿ ಶೇ 1, ಆದವರಲ್ಲಿ ಶೇ 0.3. ಕೈಬಾವು ಮಾತ್ರ ಬಯಾಪ್ಸಿ ಇಲ್ಲದವರಲ್ಲಿ ಶೇ 1.8, ಆದವರಲ್ಲಿ ಶೇ 5.7. ಎರಡೂ ಕಡೆಯ ಅಂಕಿಗಳನ್ನು ಬರೆದುಕೊಟ್ಟು, ಮನೆಯವರೊಂದಿಗೆ ಮಾತಾಡಿ ಬನ್ನಿ ಎನ್ನುತ್ತೇನೆ. ನೆಮ್ಮದಿಗಾಗಿ ಬಯಾಪ್ಸಿಯೇ ಬೇಕೆಂದರೆ ಮಾಡುತ್ತೇನೆ, ಒತ್ತಾಯಿಸುವುದಿಲ್ಲ.

ಚಿಕ್ಕ ವಯಸ್ಸಿನವರು, ಹರ್-2 ಪಾಸಿಟಿವ್ ಅಥವಾ ಟ್ರಿಪಲ್ ನೆಗೆಟಿವ್ (ಹಾರ್ಮೋನಿಗೂ ಸ್ಪಂದಿಸದ, ಹರ್-2 ಕೂಡ ನೆಗೆಟಿವ್ ಇರುವ) ಗಡ್ಡೆಯವರು, ಇಡೀ ಸ್ತನ ತೆಗೆಸಿಕೊಳ್ಳುವವರು ಬಂದರೆ ಬಯಾಪ್ಸಿಯನ್ನು ಬಿಡುವುದಿಲ್ಲ. ಗ್ರಂಥಿಯ ಫಲಿತಾಂಶದ ಮೇಲೆ ಔಷಧ ಬದಲಾಗುವಂತಿದ್ದರೂ ಅಷ್ಟೇ. ಅದಕ್ಕಾಗಿಯೇ ಆಪರೇಷನ್ ದಿನಾಂಕ ಗೊತ್ತುಮಾಡುವ ಮೊದಲೇ ಔಷಧ ಮತ್ತು ವಿಕಿರಣ ತಜ್ಞರನ್ನು ಕೂರಿಸಿಕೊಂಡು ಕೇಳುತ್ತೇನೆ: ಗ್ರಂಥಿಯ ವರದಿ ಇಲ್ಲದೆ ನಿಮ್ಮ ಚಿಕಿತ್ಸೆಯನ್ನು ನಿರ್ಧರಿಸಬಲ್ಲಿರಾ? ಇಬ್ಬರೂ ಹೌದೆಂದ ಮೇಲೆಯೇ ಕಂಕುಳನ್ನು ಬಿಡುತ್ತೇನೆ.