ಕಾರಿನ ಬಾಗಿಲ ರಬ್ಬರ್‌ಗೆ ಎಣ್ಣೆ ಹಚ್ಚಬೇಡಿ

ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಒಣಗಿದಂತೆ ಕಂಡರೆ ಸಾಕು, ಕೈಗೆ ಸಿಕ್ಕ ಎಣ್ಣೆ, ಗ್ರೀಸು, ಟೈರ್ ಪಾಲಿಶ್ ಹಚ್ಚಿಬಿಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಎರಡು ದಿನ ಮಿರಮಿರ ಮಿಂಚುತ್ತದೆ, ಆಮೇಲೆ ಕೆಡುತ್ತದೆ. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಇಪಿಡಿಎಂ ಎಂಬ ಕೃತಕ ರಬ್ಬರ್. ಬಿಸಿಲು, ಮಳೆಗೆ ಅದು ಜಗ್ಗುವುದಿಲ್ಲ, ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಹೀರಿಕೊಂಡು ಊದಿಕೊಳ್ಳುತ್ತದೆ.

ಮೊದಲು ತೊಳೆಯಿರಿ. ಜನ ಎಡವುವುದು ಇಲ್ಲೇ. ಮೇಲ್ಮೇಲೆ ಒರೆಸಿದರೆ ಸಾಲದು, ಮರಳು ಕೂತಿರುವುದು ಮಡಿಕೆಯ ಒಳಗೆ. ಕಾರ್ ಶಾಂಪೂ ಬೆರೆಸಿದ ನೀರಿನಲ್ಲಿ ಬಿಳಿ ಬಟ್ಟೆ ಅದ್ದಿ ಹಿಂಡಿ, ಬೆರಳಿಗೆ ಸುತ್ತಿಕೊಳ್ಳಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ರಬ್ಬರಿನ ತುಟಿಯನ್ನು ಮೆಲ್ಲಗೆ ಎತ್ತಿ, ಗೇಣು ಗೇಣು ಉದ್ದ ಒರೆಸುತ್ತಾ ಹೋಗಿ. ಮೊದಲ ಸುತ್ತಿಗೇ ಬಟ್ಟೆ ಕಪ್ಪಾಗುತ್ತದೆ. ಬಟ್ಟೆ ಹೆಚ್ಚುಕಡಿಮೆ ಬೆಳ್ಳಗೇ ಉಳಿಯುವವರೆಗೂ ಬಿಡಬೇಡಿ. ಈ ಮರಳಿನ ಮೇಲೇ ಗ್ರೀಸ್ ಹಚ್ಚಿದರೆ ಬಾಗಿಲು ಹಾಕಿದಾಗಲೆಲ್ಲ ಉಪ್ಪುಕಾಗದದಂತೆ ಉಜ್ಜುತ್ತದೆ, ರಬ್ಬರೂ ಸವೆಯುತ್ತದೆ, ಬಣ್ಣವೂ ಹೋಗುತ್ತದೆ. ಹಾಗೇ ಬಾಗಿಲ ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳಿರುತ್ತವೆ, ಅವನ್ನೂ ಬಿಡಿಸಿ. ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ಪೂರ್ತಿ ಒಣಗಲಿ.

ಆಮೇಲೆ ಸಿಲಿಕೋನ್ ಗ್ರೀಸ್. ಇದು ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಅಲ್ಲ, ರಬ್ಬರನ್ನು ಊದಿಸುವುದಿಲ್ಲ. ಸಿಲಿಕೋನ್ ಸ್ಪ್ರೇಗಿಂತ ನನಗೆ ಇದೇ ಸರಿ. ಕಡಲೆಕಾಳಿನಷ್ಟು ಸ್ಪಂಜಿಗೆ ತೆಗೆದುಕೊಂಡು ತೆಳುವಾಗಿ ಎಳೆಯಿರಿ, ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ. ಮುಟ್ಟಿದರೆ ಬೆರಳಿಗೆ ಅಂಟಬಾರದು. ಜಾಸ್ತಿಯಾದರೆ ಧೂಳು ಹಿಡಿಯುತ್ತದೆ ಅಷ್ಟೇ. ಸ್ಪ್ರೇ ಒಂದೇ ಇದ್ದರೆ ಬಟ್ಟೆಗೆ ಹೊಡೆದುಕೊಂಡು ಹಚ್ಚಿ, ಅದೂ ಕಾರಿನ ಹೊರಗೆ ನಿಂತು. ನೇರ ಹೊಡೆದರೆ ಗಾಜು ಮಸುಕಾಗುತ್ತದೆ, ಪೆಡಲ್ ಮೇಲೆ ಬಿದ್ದರೆ ಕಾಲು ಜಾರುತ್ತದೆ.

ಹಿಂಬಾಗಿಲಿನ ಬೀಡಿಂಗ್ ಕೆಲವೊಮ್ಮೆ ಅಂಚಿನಿಂದ ಕಳಚಿರುತ್ತದೆ. ಎಳೆದು ಕೂರಿಸಬೇಡಿ, ಎಳೆದ ರಬ್ಬರ್ ಮತ್ತೆ ಕುಗ್ಗಿ ಮೂಲೆಯಲ್ಲಿ ಸಂದು ಬಿಡುತ್ತದೆ. ಮೊದಲು ಮೂಲೆಗಳನ್ನು ಕೂರಿಸಿ, ಮಧ್ಯದ ಭಾಗವನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಗೋಂದು ಬೇಡವೇ ಬೇಡ. ಗೋಂದು ಗಟ್ಟಿಯಾದ ಕಡೆ ರಬ್ಬರ್ ಬಾಗುವುದಿಲ್ಲ, ನೀರು ಅಲ್ಲಿಂದಲೇ ಒಳಗೆ ಬರುತ್ತದೆ.

ಕೊನೆಗೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ, ಎಳೆದು ನೋಡಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿದ ಕಡೆ ಟೇಪ್ ತುಂಡು ಅಂಟಿಸಿ ಗುರುತು ಮಾಡಿ, ಇಡೀ ಸುತ್ತು ಹೀಗೇ ನೋಡಿ. ಅಲ್ಲಿ ರಬ್ಬರ್ ಚಪ್ಪಟೆಯಾಗಿದ್ದರೆ, ಹರಿದಿದ್ದರೆ ಹೊಸ ಬೀಡಿಂಗ್ ಹಾಕಿಸಿ.