ಹಳೇ ಪಾಯಿಂಟರ್ ಹಿಡಿದ ಕರ್ನಲ್ ಬಗ್: ನನ್ನ ಅನುಭವ

ಲಿನಕ್ಸ್ ಕರ್ನಲ್‌ನಲ್ಲಿ ಟನೆಲ್ ಪ್ಯಾಕೆಟ್ (ಒಂದು ಪ್ಯಾಕೆಟ್‌ನೊಳಗೆ ಇನ್ನೊಂದನ್ನು ಇಟ್ಟು ಕಳಿಸಿದ್ದು) ಬಿಚ್ಚುವ ಒಂದು ಮಾಡ್ಯೂಲ್ ಲೋಡ್ ಆಗಿದ್ದಾಗ ಅಪರೂಪಕ್ಕೆ ಸಿಸ್ಟಮ್ ಕ್ರ್ಯಾಶ್ ಆಗುತ್ತಿತ್ತು. ಸ್ಟ್ಯಾಕ್ ಟ್ರೇಸ್, ಅಂದರೆ ಆಗ ಓಡುತ್ತಿದ್ದ ಫಂಕ್ಷನ್‌ಗಳ ಸರಣಿ, ಪ್ರತಿ ಸಲವೂ ಬೇರೆ. ಒಮ್ಮೆ ಫೈಲ್‌ಸಿಸ್ಟಮ್, ಇನ್ನೊಮ್ಮೆ ಟೈಮರ್. ಹೀಗೆ ಜಾಗ ಬದಲಿಸುವ ಕ್ರ್ಯಾಶ್ ಕಂಡರೆ ನನಗೆ ಮೊದಲು ಬರುವ ಅನುಮಾನ, ಯಾರೋ ಬಿಟ್ಟುಕೊಟ್ಟ ಮೆಮೊರಿಗೆ ಇನ್ನೂ ಬರೆಯುತ್ತಿದ್ದಾರೆ ಅಂತ.

ಟ್ರೇಸ್ ನೋಡುತ್ತಾ ಸುಮ್ನೆ ಕೂರದೆ, ಕೇಸನ್ (KASAN, ಮೆಮೊರಿಯ ತಪ್ಪು ಬಳಕೆ ಹಿಡಿಯುವ ಕರ್ನಲ್‌ನ ಸಾಧನ) ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿದೆ. ಅದರಿಂದ ಕರ್ನಲ್ ನಿಧಾನವಾಗುತ್ತದೆ, ಮೆಮೊರಿಯೂ ಜಾಸ್ತಿ ಬೇಕು. ಆದರೆ ರಿಪೋರ್ಟ್‌ನಲ್ಲಿ ಆ ಮೆಮೊರಿ ಪಡೆದದ್ದು ಎಲ್ಲಿ, ಬಿಟ್ಟದ್ದು ಎಲ್ಲಿ, ಆಮೇಲೆ ಮುಟ್ಟಿದ್ದು ಎಲ್ಲಿ ಅಂತ ಮೂರು ಸ್ಟ್ಯಾಕ್ ಸಿಗುತ್ತವೆ. ಬಿಟ್ಟ ಕಡೆಯ ಸ್ಟ್ಯಾಕ್‌ನಲ್ಲಿ ಪಿಎಸ್‌ಕೆಬಿ_ಎಕ್ಸ್‌ಪ್ಯಾಂಡ್_ಹೆಡ್ (ಪ್ಯಾಕೆಟ್‌ಗೆ ಹೊಸ ಬಫರ್ ಕೊಟ್ಟು ಹಳೆಯದನ್ನು ಬಿಡುವ ಫಂಕ್ಷನ್) ಕಂಡಾಗ ದಾರಿ ಸ್ಪಷ್ಟವಾಯಿತು.

ಕೋಡ್ ಮೊದಲು ಒಳಗಿನ ಐಪಿ ಹೆಡರ್‌ಗೆ ಪಾಯಿಂಟರ್, ಅಂದರೆ ಮೆಮೊರಿಯಲ್ಲಿ ಅದರ ವಿಳಾಸ, ತೆಗೆದುಕೊಳ್ಳುತ್ತಿತ್ತು. ನಂತರ ಪೋರ್ಟ್ ನಂಬರ್ ಓದಲು ಪಿಎಸ್‌ಕೆಬಿ_ಮೇ_ಪುಲ್ ಕರೆಯುತ್ತಿತ್ತು. ಆಮೇಲೆ ಹೊರಗಿನ ಹೆಡರ್‌ನಲ್ಲಿ ದಟ್ಟಣೆಯ ಗುರುತು ಇದ್ದರೆ, ಅದನ್ನು ಹಳೇ ಪಾಯಿಂಟರ್ ಮೂಲಕವೇ ಒಳಗಿನ ಹೆಡರ್‌ಗೆ ಬರೆಯುತ್ತಿತ್ತು. ಆ ಪುಲ್ ಫಂಕ್ಷನ್ ಕೇಳುವುದು ಇಷ್ಟೇ: ಇಷ್ಟು ಬೈಟ್ ಒಂದೇ ಕಡೆ ಸಾಲಾಗಿ ಇರಲಿ. ಇಲ್ಲದಿದ್ದರೆ ಉಳಿದದ್ದನ್ನು ಅದು ಫ್ರಾಗ್‌ಗಳಿಂದ (ಬೇರೆ ಕಡೆ ಇರುವ ಪ್ಯಾಕೆಟ್‌ನ ಚೂರುಗಳಿಂದ) ಎಳೆದು ತರುತ್ತದೆ. ಜಾಗ ಸಾಲದಿದ್ದರೆ ಸಾಲಾಗಿರುವ ಭಾಗವನ್ನು ಹೊಸ ಬಫರ್‌ಗೆ ನಕಲು ಮಾಡಿ ಹಳೆಯದನ್ನು ಬಿಟ್ಟುಬಿಡುತ್ತದೆ. ಪುಲ್ ಯಶಸ್ವಿಯಾದರೂ ವಿಳಾಸ ಬದಲಾಗಿರಬಹುದು. ಈ ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾಗಾದರೆ ಟೆಸ್ಟ್‌ನಲ್ಲಿ ಯಾಕೆ ಸಿಕ್ಕಿರಲಿಲ್ಲ? ಬಹಳಷ್ಟು ಡ್ರೈವರ್‌ಗಳು ಹೆಡರ್‌ಗಳನ್ನೆಲ್ಲ ಮೊದಲೇ ಒಂದೇ ಕಡೆ ಇಡುತ್ತವೆ. ಆಗ ಪುಲ್‌ಗೆ ಕೆಲಸವೇ ಇರುವುದಿಲ್ಲ, ಅಲ್ವಾ? ಅದಕ್ಕೇ ಟನ್ ಡಿವೈಸ್ (TUN, ಪ್ರೋಗ್ರಾಮ್‌ನಿಂದ ಪ್ಯಾಕೆಟ್ ಕಳಿಸಬಲ್ಲ ವರ್ಚುವಲ್ ನೆಟ್‌ವರ್ಕ್ ಸಾಧನ) ಮೂಲಕ ಪ್ಯಾಕೆಟ್ಟನ್ನು ಚೂರು ಚೂರಾಗಿ ಕಳಿಸಿದೆ, ಒಳಗಿನ 20 ಬೈಟ್ ಐಪಿ ಹೆಡರ್ ಮುಗಿಯುವ ಕಡೆಗೇ ಒಂದು ಚೂರು ಮುಗಿಯುವ ಹಾಗೆ. ಕೇಸನ್ ಕೂಗಿಕೊಂಡಿತು.

ಶುರುವಿನಲ್ಲೇ ಇಡೀ ಪ್ಯಾಕೆಟ್ಟನ್ನು ಒಂದೇ ಕಡೆ ಸಾಲಾಗಿಸುವ ಎಸ್‌ಕೆಬಿ_ಲೀನಿಯರೈಸ್ ಹಾಕಿದರೂ ಕ್ರ್ಯಾಶ್ ನಿಲ್ಲುತ್ತಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಎರಡು ಬೈಟ್ ಓದಲು ಇಡೀ ಪ್ಯಾಕೆಟ್ ನಕಲು ಮಾಡುವುದು ವೇಗವಾಗಿ ಓಡಬೇಕಾದ ದಾರಿಗೆ ಭಾರ. ಪುಲ್ ಆದ ತಕ್ಷಣ ಪಾಯಿಂಟರನ್ನು ಮತ್ತೆ ಓದುವ ಒಂದು ಸಾಲು ಸೇರಿಸಿದೆ. ಅದೇ ಫೈಲಿನ ಐಪಿವಿ6 ಭಾಗದಲ್ಲೂ ಇದೇ ತಪ್ಪಿತ್ತು, ಅಲ್ಲೂ ಸರಿಪಡಿಸಿದೆ.

ಪ್ಯಾಚ್‌ಗಿಂತ ಕಮಿಟ್ ಮೆಸೇಜ್ ಉದ್ದವಾಯಿತು. ಕೇಸನ್ ರಿಪೋರ್ಟ್, ಪ್ಯಾಕೆಟ್ ಯಾವ ಆಕಾರದಲ್ಲಿ ಇರಬೇಕು ಎಂಬ ವಿವರ, ಗಿಟ್ ಬ್ಲೇಮ್‌ನಿಂದ (ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತೆಂದು ತೋರಿಸುವ ಆದೇಶ) ಹುಡುಕಿದ, ತಪ್ಪು ತಂದ ಮೂಲ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ ಇರುವ ಫಿಕ್ಸಸ್ ಸಾಲು, ಎಲ್ಲವನ್ನೂ ಸೇರಿಸಿದೆ. ಹಳೆಯ ಸ್ಟೇಬಲ್ ಕರ್ನಲ್‌ಗಳಲ್ಲಿ ಯಾವುದಕ್ಕೆ ಈ ಪ್ಯಾಚ್ ಬೇಕು ಅಂತ ಗೊತ್ತಾಗುವುದು ಆ ಸಾಲಿನಿಂದಲೇ.